ಹುಳಕ್ಕೆ ಗಾಳಿ, ಮಗುವಿಗೆ ಹೊಗೆ

ನನ್ನ ಮಗಳಿಗೆ ದೃಷ್ಟಿ ತಾಗಿರಲಿಲ್ಲ, ದೆವ್ವ ಹಿಡಿದಿರಲಿಲ್ಲ, ನನ್ನ ಎದೆಹಾಲೂ ಕೆಟ್ಟಿರಲಿಲ್ಲ. ಅವಳಿಗೆ ಹೊಗೆ ಕುಡಿಸಿದೆವು, ಅಷ್ಟೇ. ಮನೆಯವರೆಲ್ಲ ಸೇರಿ, ದಿನಾ ಎರಡು ಹೊತ್ತು ಕುಡಿಸಿದೆವು. ಇವತ್ತಿಗೂ ಅವಳು ಒಂದು ಕೊಡ ನೀರು ಹೊತ್ತು ಬಂದರೆ ಗೋಡೆಗೆ ಒರಗಿ ಏದುತ್ತಾಳೆ. ಅದು ಅವಳ ಹಣೆಬರಹ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಸುಮ್ಮನಿರುವವಳಲ್ಲ.

ನನ್ನ ಗಂಡನ ಮನೆ ಹುತ್ತೂರು ಕಡೆಯ ಒಂದು ಹಳ್ಳಿ. ಮನೆ ತುಂಬ ರೇಷ್ಮೆ ಹುಳ. ಯುದ್ಧ ನಡೆಯುತ್ತಿದ್ದ ಕಾಲ. ವಿಮಾನದಿಂದ ಧುಮುಕುವವರ ಛತ್ರಿಗೆ ರೇಷ್ಮೆ ಬೇಕಂತೆ, ಎಷ್ಟು ಗೂಡು ಬೆಳೆದರೂ ಕೊಳ್ಳುತ್ತಾರಂತೆ ಎಂದು ಊರೆಲ್ಲ ಮಾತು. ಮಾವ ನಡುಮನೆಯ ತುಂಬ ಹುಳದ ತಟ್ಟೆ ಜೋಡಿಸಿದರು. ಹುಳಕ್ಕೆ ಹೊಗೆ ಆಗದು. ಹೊಗೆ ತಾಗಿದ ಹುಳ ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಕಕ್ಕಿಕೊಂಡು ಸಾಯುತ್ತದೆ. ಬೀಡಿ ಸೇದಿ ಬಂದವನನ್ನು ಮಾವ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ಸೂರಿನವರೆಗೆ ಇರಲಿಲ್ಲ. ಮೇಲೆ ಒಂದು ಮೊಳ ಸಂದಿ ಬಿಟ್ಟಿದ್ದರು, ಒಲೆಯ ಹೊಗೆ ಹೋಗುತ್ತಿದ್ದುದು ಅಲ್ಲಿಂದಲೇ. ಮಾವ ಏಣಿ ಹಾಕಿ ಹತ್ತಿ ಆ ಸಂದಿಗೆ ಕಲ್ಲು ತುಂಬಿ ಮಣ್ಣು ಮೆತ್ತಿದರು. ಹುಳಕ್ಕೆ ಕ್ಷೇಮವಾಯಿತು. ಅಡುಗೆಮನೆಗೆ ಉಳಿದದ್ದು ಹಿತ್ತಲ ಬಾಗಿಲೊಂದೇ. ಮಗುವಿಗೆ ಶೀತ ಎಂದು ಅದನ್ನೂ ಅತ್ತೆ ಮುಚ್ಚಿಸುತ್ತಿದ್ದರು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದ್ದರಿಂದ ತೊಟ್ಟಿಲು ಅಡುಗೆಮನೆಯ ತೊಲೆಗೆ ಬಂತು, ಹೊಗೆ ನಿಲ್ಲುವ ಎತ್ತರಕ್ಕೆ ಸರಿಯಾಗಿ. ಉರಿಸುತ್ತಿದ್ದುದು ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿ, ಹಸಿ ಹಸಿಯಾಗಿಯೇ. ನಾನು ನೆಲದಲ್ಲಿ ಕೂತು ಊದುಗೊಳವೆ ಊದುತ್ತಿದ್ದೆ. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ. ಮೇಲೆ ತೂಗುತ್ತಿದ್ದವಳಿಗೆ ಆಗ ಎಂಟು ತಿಂಗಳು.

ಮೊದಲು ಕೆಮ್ಮು ಬಂತು. ಆಮೇಲೆ ಉಸಿರು ಎಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳತೊಡಗಿತು. ಅತ್ತೆ ಕುರುಡುಮಲೆ ಗಣಪನಿಗೆ ಹರಕೆ ಹೊತ್ತರು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಮಗುವಿನ ತುಟಿ ನೀಲಿಯಾಯಿತು. ಅದೂ ಸಾಲದೆಂದು ತೊಟ್ಟಿಲ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿದರು. ಕೆಂಡ ತಂದುಕೊಟ್ಟವಳು ನಾನೇ. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಹುಳ ಗೂಡು ಕಟ್ಟುವ ಮುಂಚಿನ ವಾರ ಹಗಲೂ ರಾತ್ರಿ ತಿನ್ನುತ್ತದೆ. ಒಂದು ಮಧ್ಯಾಹ್ನ ಸೊಪ್ಪು ಹಾಕಲು ಹೊರಟವಳು, ಮಗುವನ್ನು ಆ ಸ್ಥಿತಿಯಲ್ಲಿ ಬಿಡಲಾರದೆ, ಸೆರಗಿನಲ್ಲಿ ಕಟ್ಟಿಕೊಂಡು ನಡುಮನೆಗೆ ಹೋದೆ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ತಂಪು ಗಾಳಿ ಬರುತ್ತಿತ್ತು. ನಾಲ್ಕು ತಟ್ಟೆ ಮುಗಿಯುವಷ್ಟರಲ್ಲಿ ಎದೆಯ ಗೊರಗೊರ ತಗ್ಗಿತು. ಎಲ್ಲ ತಟ್ಟೆ ಮುಗಿದಾಗ ಮಗು ಹಾಲಿಗೆ ಬಾಯಿ ಹಾಕಿತು. ಮೂರು ದಿನದಿಂದ ನೆಟ್ಟಗೆ ಕುಡಿದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು.

“ಏಮೇ, ಕೂಸನ್ನ ಇಲ್ಲಿಗ್ಯಾಕೆ ತಂದೆ? ಉಚ್ಚೆ ಹುಯ್ದರೆ ತಟ್ಟೆ ಹಾಳಾಗ್ತದೆ.”

“ಇಲ್ಲಿ ಉಸಿರಾಡ್ತಾ ಐತೆ ನೋಡಿ ಅತ್ತೆ. ಅಲ್ಲಿ ಬರೀ ಹೊಗೆ.”

“ಹೊಗೆಯಂತೆ ಹೊಗೆ. ನಾನು ಏಳು ಹೆತ್ತು ಅದೇ ಹೊಗೇಲಿ ಸಾಕಿದೀನಿ ಕಣೇ, ಮಹಾರಾಣಿ.”

“ಉಳಿದಿದ್ದೆಷ್ಟು?”

ಉಳಿದದ್ದು ಇಬ್ಬರು. ಅತ್ತೆ ಮುಖ ತಿರುಗಿಸಿದರು. ಕೇಳಬಾರದಿತ್ತು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮಾವ ಬಾಗಿಲಲ್ಲೇ ನಿಂತು ಹೇಳಿದರು: “ಇನ್ನ ಐದು ದಿನ ತಡ್ಕೋಮ್ಮ. ಗೂಡು ಇಳಿಸಿದ ಮೇಲೆ ಎಲ್ಲಿ ಬೇಕಾದ್ರೂ ಮಲಗಿಸ್ಕೋ.”

“ಹುಳ ಒಂದು ಗಳಿಗೆ ಹೊಗೆ ತಡೆಯಲ್ಲ ಅಂತೀರಿ. ಇದು ಐದು ದಿನ ತಡೀತದಾ ಮಾವ?”

“ಹುಳ ಸೂಕ್ಷ್ಮ ಕಣಮ್ಮ.”

ತಮಾಷೆಗೆ ಹೇಳಲಿಲ್ಲ. ನಂಬಿ, ಮೆಲ್ಲಗೆ, ತಿಳಿಯದವಳಿಗೆ ತಿಳಿಸಿ ಹೇಳುವಂತೆ ಹೇಳಿದರು. ಕೆಟ್ಟ ಮನುಷ್ಯ ಹೇಳಿದ್ದರೆ ಬೈದು ಮರೆಯುತ್ತಿದ್ದೆ. ಅವರು ಕೆಟ್ಟವರಲ್ಲ, ಅದಕ್ಕೇ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಗಂಡ ಸೊಪ್ಪಿನ ಮಂಕರಿ ಹಿಡಿದು ಅಲ್ಲೇ ನಿಂತಿದ್ದ. ಬಾಡಿದ ಎಲೆ ಆರಿಸಿ ತೆಗೆಯತೊಡಗಿದ. ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ತೊಟ್ಟಿಲಿಗೆ ಹಾಕಿದರು. ಸಂಜೆ ಒಲೆ ಹೊತ್ತಿತು. ಗೊರಗೊರ ಮತ್ತೆ ಶುರುವಾಯಿತು.

ಮರುದಿನ ಬೆಳಗ್ಗೆ ನಾನು ಅಡುಗೆಮನೆಯ ಒಲೆ ಹೊತ್ತಿಸಲಿಲ್ಲ. ಹಿತ್ತಲ ಬಾಗಿಲು ಪೂರ್ತಿ ತೆಗೆದು ಮುಚ್ಚದಂತೆ ಕಲ್ಲು ಒತ್ತುಕೊಟ್ಟೆ. ಹೊಗೆ ಹುಳಕ್ಕೂ ಮಗುವಿಗೂ ತಾಗದಂತೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು, ಮುಂದಿನ ಅಂಗಳದ ತುದಿಯಲ್ಲಿ, ಬೀದಿಗೆ ಕಾಣುವಂತೆ, ಮೂರು ಕಲ್ಲು ಹೂಡಿ ಎಸರಿಟ್ಟೆ. ನಮ್ಮ ಕಡೆ ಅಂಗಳದಲ್ಲಿ ಮೂರು ಕಲ್ಲು ಹೂಡುವುದು ಹೆಣಕ್ಕೆ ನೀರು ಕಾಯಿಸಲು ಮಾತ್ರ. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಕೆಳಗಿಳಿಸಿ ನಿಂತರು. ಅತ್ತೆ ತಲೆ ಬಿಚ್ಚಿಕೊಂಡೇ ಓಡಿಬಂದರು.

“ಯಾರು ಸತ್ತರು ಅಂತ ಬೀದೀಲಿ ಒಲೆ ಹೂಡಿದೀಯೇ?”

“ಇನ್ನೂ ಯಾರೂ ಸತ್ತಿಲ್ಲ. ಒಳಗೆ ಹೋಗಿ ಮಗೂನ ನೋಡ್ಕೊಳ್ಳಿ,” ಎಂದೆ.

ಎಸರು ಕುದಿಯುತ್ತಿತ್ತು. ರಾಗಿ ಹಿಟ್ಟು ಸುರಿದು, ಮಡಕೆಯನ್ನು ಕೆಳಗಿಳಿಸಿ ಕಾಲಿನಿಂದ ಒತ್ತಿ ಹಿಡಿದು, ಕೋಲಿನಲ್ಲಿ ಮುದ್ದೆ ತಿರುವತೊಡಗಿದೆ.