ಕರೆಂಟ್ ಮಾಮನ ಎರಡನೇ ಡ್ರೆಸ್ಸು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಒಂದು ಸೂಪರ್‌ಹೀರೋ ಸಿನಿಮಾಕ್ಕೆ ಡ್ರೆಸ್ ಹೊಲಿಯುವ ಕೆಲಸದಲ್ಲಿದ್ದೆ. ಸಿನಿಮಾ ಮುಗಿದ ಮೇಲೆ ಹೆಸರುಗಳು ಓಡುತ್ತವಲ್ಲ, ಅಲ್ಲಿ ‘ವಸ್ತ್ರವಿನ್ಯಾಸ: ಗಿರಿಜಮ್ಮ’ ಎಂದು ಬರುತ್ತದೆ. ವಿನ್ಯಾಸ ಗಿನ್ಯಾಸ ನನಗೆ ತಿಳಿಯದು. ಮನೆಗೆಲಸ ಮುಗಿಸಿ, ದೇವರಿಗೆ ಎರಡು ಹೂವು ಏರಿಸಿ, ಉಳಿದ ಹೊತ್ತಿನಲ್ಲಿ ಓಣಿಯ ಹೆಂಗಸರ ರವಿಕೆ ಹೊಲಿಯುವವಳು ನಾನು. ಹದಿನೆಂಟು ವರ್ಷದಿಂದ ಒಂದೇ ಮಿಷನ್ನು, ಒಂದೇ ಕಿಟಕಿ. ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುತ್ತದೆ; ಅದು ದೇವರು ಕೊಟ್ಟದ್ದು.

ಸಿನಿಮಾದ ನಂಟು ಅಂಟಿಸಿದವಳು ನನ್ನ ತಂಗಿಯ ಮಗಳು ಸವಿತಾ. ಹೊನ್ನಾಳಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವ ಹುಡುಗಿ. ಅವಳೇ ಕಥೆ ಬರೆದು, ಅವಳದೇ ಕ್ಯಾಮೆರಾದಲ್ಲಿ ಮೊದಲ ಭಾಗ ಮಾಡಿದಳು. ಕಥೆ ಸಣ್ಣದು. ಒಬ್ಬ ಲೈನ್‌ಮನ್ ಕಂಬದ ಮೇಲೆ ಶಾಕ್ ಹೊಡೆಸಿಕೊಳ್ಳುತ್ತಾನೆ, ಸಾಯುವುದಿಲ್ಲ, ಕರೆಂಟು ಅವನ ಅಂಗೈಯಲ್ಲಿ ಉಳಿದುಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲಿ ತಂತಿ ಹರಿದು ಬಿದ್ದರೂ ಅವನು ಓಡಿಹೋಗಿ ಆ ಕರೆಂಟನ್ನು ತನ್ನ ಮೈಗೆ ಎಳೆದುಕೊಂಡು ಜನರನ್ನು ಉಳಿಸುತ್ತಾನೆ. ಉಳಿಸಿದ ಮೇಲೆ ಅವನಿಗೆ ವಿಪರೀತ ಹಸಿವು. ಯಾರ ಮನೆ ಹತ್ತಿರವಿದೆಯೋ ಅಲ್ಲೇ ಕುಳಿತು ಉಣ್ಣುತ್ತಾನೆ. ಮಕ್ಕಳಿಗೆ ಅವನು ಕರೆಂಟ್ ಮಾಮ.

ಆ ಪಾತ್ರ ಮಾಡಿದವನು ನಿಜವಾದ ಲೈನ್‌ಮನ್ನೇ, ನ್ಯಾಮತಿಯ ಹಾಲೇಶ. ನಲವತ್ತೊಂದು ವಯಸ್ಸು, ಅಂಗಿಯ ಗುಂಡಿ ತಡೆಯದ ಹೊಟ್ಟೆ, ಏಣಿ ಹೊತ್ತು ಹೊತ್ತು ಒಂದು ಬೆರಳು ಕೆಳಗಿಳಿದ ಬಲ ಹೆಗಲು. ಮೊದಲ ಡ್ರೆಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ಅಳತೆ ತೆಗೆದದ್ದು ಶ್ರಾವಣ ಮಾಸದಲ್ಲಿ. ಆ ತಿಂಗಳೆಲ್ಲ ಅವನದು ಒಪ್ಪತ್ತೂಟ. ಹೊಟ್ಟೆ ನಲವತ್ತು ಇಂಚು ಎಂದು ಬರೆದುಕೊಂಡೆ. ಶೂಟಿಂಗ್ ಆದದ್ದು ದೀಪಾವಳಿ ಕಳೆದು. ಹಬ್ಬದ ಹೋಳಿಗೆಯೆಲ್ಲ ಸೇರಿ ನಲವತ್ಮೂರು ಆಗಿತ್ತು. ಡ್ರೆಸ್ಸಿನ ನೀಲಿ ಬಟ್ಟೆ ಮುಗಿದಿದ್ದರಿಂದ ನನ್ನದೊಂದು ಹಳೆಯ ಕೆಂಪು ಸೀರೆ ಕತ್ತರಿಸಿ ಎರಡು ಪಕ್ಕೆಗೂ ಪಟ್ಟಿ ಕೊಟ್ಟೆ. ಸವಿತಾ ಆ ಸಿನಿಮಾವನ್ನು ನೆಟ್‌ಗೆ ಹಾಕಿದಳು. ತಿಂಗಳೊಪ್ಪತ್ತಿನಲ್ಲಿ ಹೊನ್ನಾಳಿಯಿಂದ ಜಗಳೂರಿನವರೆಗೆ ಮಕ್ಕಳು ಶಾಲೆಯ ಅಂಗಿಯ ಪಕ್ಕೆಗೆ ಕೆಂಪು ಕಾಗದ ಅಂಟಿಸಿಕೊಂಡು ಓಡಾಡತೊಡಗಿದವು.

ಅದನ್ನು ನೋಡಿ ಬೆಂಗಳೂರಿನ ಒಂದು ಕಂಪನಿಯವರು ಬಂದರು. ಸೀಕ್ವೆಲ್ ಮಾಡೋಣ ಎಂದರು; ಸೀಕ್ವೆಲ್ ಎಂದರೆ ಎರಡನೇ ಭಾಗ. ಅದನ್ನು ದೊಡ್ಡದಾಗಿ ಮಾಡೋಣ, ಥಿಯೇಟರಿಗೇ ಹಾಕೋಣ ಎಂದರು. ಸವಿತಾ ಕುಣಿದಾಡಿ ಸಹಿ ಮಾಡಿದಳು. ಕಂಪನಿಯ ಪರವಾಗಿ ಕಿರಣ್ ಎಂಬ ಯುವಕ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಮಾತಿನವನು, ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅವನಿಂದ ವಾರಕ್ಕೊಮ್ಮೆ ‘ನೋಟ್ಸ್’ ಬರುತ್ತಿತ್ತು. ಕಥೆಯಲ್ಲಿ ಏನು ಬದಲಾಗಬೇಕು ಎಂದು ಕಂಪನಿ ಕಳಿಸುವ ಪಟ್ಟಿಗೆ ಹಾಗೆನ್ನುತ್ತಾರೆ. ಮೊದಲ ವಾರ, ಹೀರೋ ಊಟ ಮಾಡುವ ದೃಶ್ಯ ಬೇಡ. ಆಮೇಲೆ, ಖಳನಾಯಕ ಕೊನೆಯಲ್ಲಿ ತಪ್ಪಿಸಿಕೊಳ್ಳಬೇಕು, ಯಾಕೆಂದರೆ ಮೂರನೇ ಭಾಗಕ್ಕೆ ಅವನು ಬೇಕು. ಮೊದಲನೆಯದರ ಕ್ಲೈಮ್ಯಾಕ್ಸ್ ತೆಗೆದ ಜಗಳೂರಿನ ಗಾಳಿಯಂತ್ರಗಳು ಬೇಡ, ಕಂಪ್ಯೂಟರಿನಲ್ಲಿ ಒಂದು ನಗರ ಮಾಡುತ್ತೇವೆ. ಕೆಂಪು ಪಟ್ಟಿ ಇರಲಿ, ಜನಕ್ಕೆ ಅದು ಹಿಡಿಸಿದೆ. ಹೊಟ್ಟೆ ಮಾತ್ರ ಬೇಡ. ಒಬ್ಬಳು ಇಟ್ಟ ಸಾರಿಗೆ ಹೋಗುವವರು ಬರುವವರೆಲ್ಲ ಒಂದೊಂದು ಚಿಟಿಕೆ ಉಪ್ಪು ಹಾಕಿದ ಹಾಗೆ. ಪ್ರತಿಯೊಬ್ಬರೂ ರುಚಿ ಆಗಲಿ ಎಂದೇ ಹಾಕಿದವರು.

ಒಂದು ಮಂಗಳವಾರ ನನಗೆ ಅಳತೆ ಚೀಟಿ ಬಂತು. ಮೇಲಿನ ರಬ್ಬರಿನ ಕವಚ ಮುಂಬೈಯಲ್ಲಿ ಆಗುತ್ತದೆ, ಒಳಗಿನ ಬಟ್ಟೆಯ ಡ್ರೆಸ್ ನಾನು ಹೊಲಿಯಬೇಕು ಎಂದಿತ್ತು. ಎದೆ ನಲವತ್ತೆರಡು, ಸೊಂಟ ಮೂವತ್ತೊಂದು, ತೋಳು ಇಪ್ಪತ್ತೈದು, ಎರಡೂ ಹೆಗಲು ಸಮ. ಚೀಟಿಯನ್ನು ಮೂರು ಸಲ ಓದಿದೆ. ಹಾಲೇಶನ ತೋಳು ಇಪ್ಪತ್ಮೂರೂವರೆ ಎಂದು ನನಗೆ ಬಾಯಿಪಾಠ. ಸವಿತಾಗೆ ಫೋನ್ ಹಚ್ಚಿದೆ.

“ಈ ಚೀಟಿ ಯಾರ್ದವ್ವ?”

“ಹಾಲೇಶಣ್ಣಂದೇ, ದೊಡ್ಡಮ್ಮ. ಡಯೆಟ್ ಮಾಡಾಕೆ ಹತ್ಯಾನಲ್ಲ.”

“ಹೊಟ್ಟೆ ಕರಗ್ತು ಅನ್ನು, ಒಪ್ಪಿದೆ. ತೋಳು ಒಂದೂವರೆ ಇಂಚು ಹೆಂಗೆ ಉದ್ದ ಆತು? ಹೀರೇಬಳ್ಳೀನಾ ಅದು, ಬೆಳೆಯಾಕೆ?”

ಆ ಕಡೆ ಸವಿತಾ ಮೂಗೆಳೆದಳು. ಆಮೇಲೆ ಅಳು ಕೇಳಿತು. ಕಂಪನಿಯವರು ಬೇರೆ ನಟನನ್ನು ಹಾಕಿದ್ದರು. ಹಾಲೇಶನದು ಮೊದಲ ಹತ್ತು ನಿಮಿಷ ಮಾತ್ರ. ಅವನು ತನ್ನ ಕರೆಂಟನ್ನು ಆ ಹೊಸಬನಿಗೆ ಕೊಟ್ಟು ಸಾಯುತ್ತಾನೆ.

“ಕಡೇ ಮಾತು ಕಂಪನೀದು ಅಂತ ಕಾಗದದಾಗೆ ಬರ್ದೈತೆ, ದೊಡ್ಡಮ್ಮ. ನಾನೇ ಸಹಿ ಮಾಡೀನಿ. ಶೂಟಿಂಗ್ ದಿನ ಅಣ್ಣಂಗೆ ನಾನೇ ಹೇಳ್ತೀನಿ, ಅಲ್ಲೀತನಕ ನೀನು ಸುಮ್ನಿರು.”

“ಆತು” ಎಂದು ಫೋನ್ ಇಟ್ಟೆ. ಸುಮ್ಮನಿರುತ್ತಿದ್ದೆನೇನೋ. ಆದರೆ ಗುರುವಾರ ಹಾಲೇಶನೇ ಬಂದ. ನಾನು ಡ್ರೆಸ್ ಹೊಲಿಯುತ್ತಿದ್ದೇನೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ, ಟ್ರಯಲ್ ನೋಡಲು ರಜೆ ಹಾಕಿ ನ್ಯಾಮತಿಯಿಂದ ಬಸ್ಸಿಗೆ ಬಂದಿದ್ದ. ಗುರುತೇ ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿ ಕತ್ತು ಉದ್ದವಾಗಿ ಕಾಣುತ್ತಿತ್ತು. ಎರಡು ತಿಂಗಳಿಂದ ಬೆಳಗ್ಗೆ ಗಂಜಿ, ಸಂಜೆ ಬರೀ ಸೌತೆಕಾಯಿ.

“ಟೇಪ್ ಹಿಡೀರಿ ಅಕ್ಕ. ಈ ಸಲ ನಿಮ್ಮ ಸೀರೆ ಉಳೀತು ತಿಳ್ಕಳ್ರಿ” ಎಂದು ಎರಡೂ ಕೈ ಎತ್ತಿ ನಿಂತ. ನಾನು ಬೇಡ ಎನ್ನಲಿಲ್ಲ. ಸುಮ್ಮನೆ ಅಳೆದೆ. ಮೂವತ್ತೇಳು. ಆರು ಇಂಚು! ಅಷ್ಟು ಕರಗಿಸಲು ಆ ದೇಹ ಎಷ್ಟು ಹಸಿದಿರಬೇಕು. ನೀರು ತರುವ ನೆಪದಲ್ಲಿ ಒಳಗೆ ಹೋಗಿ ದೇವರ ಮುಂದೆ ನಿಂತು, ‘ನನ್ನ ಬಾಯಿಂದ ಒರಟು ಬರಬಾರದು’ ಎಂದಷ್ಟೇ ಕೇಳಿಕೊಂಡೆ. ಹೊರಗೆ ಬಂದು ಅವನ ಎದುರು ಕೂತು ಚೀಟಿ ಕೈಗೆ ಕೊಟ್ಟೆ.

“ಇದು ನಿನ್ನ ಅಳತೆ ಅಲ್ಲ, ಹಾಲೇಶ.”

ಓದಿದ. ಅವನಿಗೂ ತನ್ನ ತೋಳಿನ ಅಳತೆ ಗೊತ್ತಿತ್ತು.

“ಅಂದ್ರೆ ನಂದು ಏನೂ ಇಲ್ಲವಾ, ಅಕ್ಕ?”

“ಹತ್ತು ನಿಮಿಷ ಐತಂತೆ. ನಿನ್ನ ಕರೆಂಟು ಅವನ ಕೈಗೆ ಕೊಟ್ಟು...”

“ಕೊಟ್ಟು?”

“ಸಾಯ್ತೀಯಂತೆ.”

ಚೀಟಿಯನ್ನು ಮಡಿಚಿ ಮಿಷನ್ನಿನ ಮೇಲಿಟ್ಟ. “ಮಕ್ಳು ನೋಡ್ತಾವಲ್ಲ ಅಕ್ಕ. ಅವರ ಮುಂದೇನೇ ಸಾಯ್ಬೇಕಾ?” ಎಂದ. ತನ್ನ ಪಾತ್ರ ಹೋದದ್ದಕ್ಕಿಂತ ಅದೇ ಅವನಿಗೆ ಚುಚ್ಚಿದ ಹಾಗಿತ್ತು. ತೋಳಿನಿಂದ ಕಣ್ಣೊರೆಸಿಕೊಂಡ. ನಾನು ನೋಡದವಳಂತೆ ಟೇಪು ಸುತ್ತುತ್ತಾ ಕೂತೆ. ನಮ್ಮನೆಯವರು ಒಳಗಿನಿಂದ, “ಊಟಕ್ಕೆ ಏಳ್ರಪ್ಪ” ಎಂದು ಕರೆದದ್ದು ಪುಣ್ಯ.

ಎಣ್ಣೆಗಾಯಿ, ಶೇಂಗಾ ಚಟ್ನಿ, ಜೋಳದ ರೊಟ್ಟಿ. ಒಂದು ರೊಟ್ಟಿ ಮುಗಿಸಿ ಅವನು ತಟ್ಟೆ ಮುಂದೆ ತಳ್ಳಿದ. “ಇನ್ನೆರಡು ಹಾಕ್ರಿ ಅಕ್ಕ. ಇನ್ನ ಯಾರ ಸಲುವಾಗಿ ಉಪವಾಸ?” ಒಟ್ಟು ಐದು ತಿಂದ. ಐದನೆಯದನ್ನು ಹಾಕುವಾಗ ನನಗೆ ನಗು ಬಂತು, ಕೇಳದಿದ್ದರೂ ಇನ್ನೊಂದು ಸೌಟು ಎಣ್ಣೆಗಾಯಿ ಬಡಿಸಿದೆ.

ಕೈ ತೊಳೆದು ಅವನೇ ಸವಿತಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. “ಅಳಬ್ಯಾಡ ತಂಗಿ. ಹತ್ತು ನಿಮಿಷ ಮಾಡಿಕೊಡ್ತೀನಿ. ಸಾಯೋದೊಂದು ಬ್ಯಾಡ, ಕೇಳಿ ನೋಡು.” ಸವಿತಾ ಕಿರಣನನ್ನೂ ಲೈನಿಗೆ ಸೇರಿಸಿದಳು. ಅವನು ಸಮಾಧಾನವಾಗಿಯೇ ವಿವರಿಸಿದ: “ಜನ ಹೊಸ ಹೀರೋನ ಒಪ್ಪಬೇಕು ಅಂದ್ರೆ ಹಳೇ ಹೀರೋ ಇರಬಾರದು ಸರ್.”

ನನಗೆ ತಡೆಯಲಾಗಲಿಲ್ಲ. “ಹೊಸ ಸೊಸೆ ಬಂದ್ಲು ಅಂತ ಅತ್ತೆ ಸಾಯ್ಬೇಕೇನಪ್ಪ, ಕಿರಣ?”

ಆ ಕಡೆ ನಗು ಕೇಳಿತು, ಆಮೇಲೆ ನಿಟ್ಟುಸಿರು. “ನನ್ನ ಕೈಲಿಲ್ಲ ಅಮ್ಮ. ನನಗೂ ಮೇಲಿಂದ ನೋಟ್ಸ್ ಬರುತ್ತೆ.”

ಎರಡು ವಾರಕ್ಕೆ ಹೊನ್ನಾಳಿಯಲ್ಲಿ ಹೊಳೆಯ ದಂಡೆಯ ಮೇಲೆ ಶೂಟಿಂಗ್. ಹೊಸ ನಟನ ಡ್ರೆಸ್ಸನ್ನು ನಾನು ಮನಸ್ಸಿಟ್ಟೇ ಹೊಲಿದಿದ್ದೆ. ಬಟ್ಟೆಯೊಳಗೆ ಹೊಟ್ಟೆಕಿಚ್ಚು ಹೊಲಿಯಬಾರದು. ಪಾಪ, ಅವನೂ ಯಾರದೋ ಮನೆಯ ಮಗ. ರಬ್ಬರಿನ ಕವಚದಲ್ಲಿ ಬೆಂದು ಕೂರಲೂ ಆಗದೆ ನಿಂತಿದ್ದ. ಹಾಲೇಶ ಅವನಿಗೆ ತಂತಿ ಹಿಡಿಯುವ ಸರಿಯಾದ ರೀತಿ ಹೇಳಿಕೊಟ್ಟ, ಟೇಕ್ ನಡುವೆ ಟವೆಲ್ಲಿನಿಂದ ಗಾಳಿ ಹಾಕಿದ. ಆಮೇಲೆ ಕ್ಯಾಮೆರಾ ಮುಂದೆ ಚೆನ್ನಾಗಿಯೇ ಸತ್ತ.

ಸಿನಿಮಾ ಹೊನ್ನಾಳಿಯ ಥಿಯೇಟರಿಗೆ ಬಂದ ದಿನ ಬೆಳಗಿನ ಆಟಕ್ಕೆ ಎಲ್ಲಿ ನೋಡಿದರೂ ಮಕ್ಕಳು. ನಾನು, ಸವಿತಾ, ಹಾಲೇಶ ಹಿಂದಿನ ಸಾಲಿನಲ್ಲಿ ಕೂತೆವು. ಹತ್ತನೇ ನಿಮಿಷಕ್ಕೆ ಪರದೆಯ ಮೇಲೆ ಅವನು ಕಣ್ಣು ಮುಚ್ಚಿದ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಮುಂದಿನ ಸಾಲಿನ ಒಂದು ಪುಟ್ಟಿ, “ಕರೆಂಟ್ ಮಾಮ ಸತ್ತೋದಾ?” ಎಂದು ಅಮ್ಮನನ್ನು ಕೇಳಿತು. ಅದು ಅಳಲು ಶುರುಮಾಡಿದ್ದೇ ತಡ, ಸಾಲಿನಿಂದ ಸಾಲಿಗೆ ಅಳು ಹಬ್ಬಿತು. ಪರದೆಯ ಮೇಲೆ ಹೊಸ ಹೀರೋ ನಗರದ ಮೇಲೆ ಹಾರುತ್ತಿದ್ದಾನೆ, ಕೆಳಗೆ ನೋಡುವವರೇ ಇಲ್ಲ. ಸವಿತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹಾಲೇಶ ಕುಳಿತಲ್ಲೇ ಎರಡು ಸಲ ಮಿಸುಕಾಡಿದ. ಕೊನೆಗೆ ಎದ್ದು ಕುರ್ಚಿಯ ಮೇಲೆ ಹತ್ತಿ ನಿಂತ.

“ಏಯ್, ಅಳಬ್ಯಾಡ್ರೋ! ಯಾರೂ ಸತ್ತಿಲ್ಲ. ಇಲ್ಲೇ ಇದೀನಿ, ಹಿಂದೆ ನೋಡ್ರೋ!”

ಅಷ್ಟೂ ಮಕ್ಕಳು ಪರದೆಗೆ ಬೆನ್ನು ಹಾಕಿ ತಿರುಗಿದವು. ಅಳುತ್ತಿದ್ದ ಪುಟ್ಟಿ ಮೂಗೊರೆಸಿಕೊಂಡು ಜೋರಾಗಿ ಕೇಳಿತು: “ಮತ್ತೆ ನಿನ್ನ ಕರೆಂಟೆಲ್ಲ ಅವನಿಗೆ ಕೊಟ್ಟೆಯಲ್ಲ?”

“ಅರ್ಧ ಕೊಟ್ಟೀನಿ ಕಣವ್ವ. ಇನ್ನರ್ಧ ಇಲ್ಲೈತೆ” ಎಂದು ಅಂಗೈ ಎತ್ತಿ ತೋರಿಸಿದ. ಥಿಯೇಟರಿನ ತುಂಬ ಸಿಳ್ಳೆ, ಚಪ್ಪಾಳೆ. ಆಮೇಲಿನ ಸಿನಿಮಾ ನೋಡಿದವರು ಕಡಿಮೆ. ವಾರ ತುಂಬುವ ಮೊದಲೇ ಅದು ಊರು ಬಿಟ್ಟಿತು, ಮೂರನೇ ಭಾಗದ ಮಾತನ್ನು ಕಂಪನಿಯವರು ಮತ್ತೆ ಎತ್ತಲಿಲ್ಲ. ಸವಿತಾ ಮದುವೆಗಳ ನಡುವೆ ಇನ್ನೊಂದು ಕಥೆ ಬರೆಯುತ್ತಿದ್ದಾಳೆ. ಈ ಸಲ ಸಹಿಗೆ ಮೊದಲು ನನಗೂ ಓದಿ ಹೇಳುತ್ತಾಳಂತೆ.

ದೊಡ್ಡವರ ಕೈ ಸೇರಿದ ಕಥೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ನನ್ನಂಥವಳಿಗಿಲ್ಲ. ಆದರೆ ಅಳತೆ ಬದಲಾದದ್ದು ಮೊದಲು ಕಣ್ಣಿಗೆ ಬೀಳುವುದು ಹೊಲಿಯುವವಳಿಗೆ. ಬಿದ್ದ ಮೇಲೆ ಅದನ್ನು ತೊಡಬೇಕಾಗಿದ್ದವನಿಗೆ ತಡಮಾಡದೆ ಹೇಳಬೇಕು, ಮುಖಕ್ಕೆ ಮುಖ ಕೊಟ್ಟು, ಆದರೆ ಒಂದು ಊಟ ಹಾಕಿ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಲೇಶ ತನ್ನ ಪಾಲಿನ ಅಳುವನ್ನು ಮೊದಲೇ ನಮ್ಮ ಪಡಸಾಲೆಯಲ್ಲಿ ಅತ್ತು ಮುಗಿಸಿದ್ದ. ಆದ್ದರಿಂದಲೇ ಆ ದಿನ ಮಕ್ಕಳ ಮುಂದೆ ನಗಲು ಅವನಿಂದಾಯಿತು.