ಮುಂಗಾಡಿ ಆರಿಸಿ ತಂದ ರೇಡಿಯೊ

ಅಂಗಡಿಯವನು ಗಾಜಿನ ಮೇಜಿನ ಮೇಲೆ ರೇಡಿಯೊ ಸೆಟ್ಟುಗಳನ್ನು ಸಾಲಾಗಿ ಇಟ್ಟದ್ದೇ ತಡ, ಮುಂಗಾಡಿ ಕಾಲು ಸುಟ್ಟ ಬೆಕ್ಕಿನ ಹಾಗೆ ಆಡತೊಡಗಿದ. ಕುರ್ಚಿ ಕೊಟ್ಟರೆ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಂದನ್ನು ಎತ್ತಿ ಭಾರ ಅಂದ, ಇನ್ನೊಂದನ್ನು ಎತ್ತಿ ಆಟದ ಸಾಮಾನು ಅಂದ, ಮೂರನೆಯದನ್ನು ಮುಟ್ಟಲೇ ಇಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವ ಮಾತು ಇಂಥ ಹೊತ್ತಿಗೇ ಹುಟ್ಟಿರಬೇಕು.

"ಇದೇನು ಕುಂಬಳಕಾಯಿನಾ ಭಾವ, ತಟ್ಟಿ ತಟ್ಟಿ ನೋಡ್ತಿದ್ದೀರಿ?" ಅಂದ ಜೊತೆಗೆ ಬಂದಿದ್ದ ಬಾಮೈದ, ಹೆಂಡತಿಯ ತಮ್ಮ.

"ನೀನು ಹಿಂದೆ ಬರೋನು. ಇಲ್ಲೂ ಹಿಂದೆ ನಿಂತ್ಕೋ."

ಮುಂಗಾಡಿ ಅನ್ನುವ ಹೆಸರು ಅವನಿಗೆ ಕೆಲಸದಿಂದ ಬಂದದ್ದು. ಡಾಂಬರು ಮುಗಿದಲ್ಲಿಂದ ಗುಡ್ಡದ ಮೇಲಿನ ಹಳ್ಳಿಗಳಿಗೆ ರಸ್ತೆ ಅನ್ನುವುದು ಇಲ್ಲ. ಒಣಹೊಳೆಯ ಮರಳು, ಆಮೇಲೆ ಬಂಡೆ, ಆಮೇಲೆ ಜಾರುವ ಜಲ್ಲಿಯ ಏರು. ಅಲ್ಲಿಗೆ ಜನರನ್ನೂ ಮೂಟೆಗಳನ್ನೂ ಹೊತ್ತು ಹೋಗುವುದು ಅವನ ಅಕ್ಕನ ಷೆಡ್ಡಿನ ನಾಲ್ಕು ಜೀಪುಗಳು, ಒಂದರ ಹಿಂದೆ ಒಂದು. ಮೊದಲನೆಯದು ಇವನದು, ಕೊನೆಯದು ಬಾಮೈದನದು. ಕ್ಲೀನರಾಗಿ ಸೇರಿ, ಗ್ರೀಸಿನಲ್ಲಿ ಮಿಂದು, ಮೀಸೆ ಸರಿಯಾಗಿ ಮೂಡುವ ಮೊದಲೇ ಸ್ಟೇರಿಂಗು ಹಿಡಿದವನು ಅವನು. ಯಾವ ಬಂಡೆಯನ್ನು ಯಾವ ಮಗ್ಗುಲಿಗೆ ಬಿಡಬೇಕು, ಯಾವ ಮರಳು ಬೆಳಿಗ್ಗೆ ಗಟ್ಟಿ ಮಧ್ಯಾಹ್ನ ಸಡಿಲ ಅನ್ನುವುದು ಅವನ ಅಂಗಾಲಿಗೆ ಗೊತ್ತು. ಕಿಟಕಿಯಿಂದ ಕೈ ಚಾಚಿ ಅಂಗೈ ತೋರಿದರೆ ನಿಲ್ಲು, ಬೆರಳು ಮಡಿಸಿದರೆ ನಿಧಾನ. ಹಿಂದಿನವರು ಆ ಕೈಯನ್ನೇ ನಂಬಿ ಬರುತ್ತಿದ್ದರು.

ಎಂಜಿನ್ನಿನ ಮಗ್ಗುಲಲ್ಲಿ ಕೂತು ಕೂತು ಅವನ ಕಿವಿ ಹೋಗಿತ್ತು. ಎಡಗಿವಿ ಪೂರ್ತಿ. ಬಲಗಿವಿಗೆ ಸದ್ದು ಬೀಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಇದು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೇ. ಅವಳು ಮೊದಲು ತೋಳು ಮುಟ್ಟಿ, ಅವನು ತಿರುಗಿದ ಮೇಲೆ ಬಾಯಿ ತೆರೆಯುವಳು. ಉಳಿದವರು ಕರೆದರೆ ತಿರುಗದ ಜಂಬಗಾರ ಅಂದುಕೊಂಡಿದ್ದರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಜಂಬಗಾರ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವನೂ ಸುಮ್ಮನಿದ್ದ. ಕಿವುಡನ ಕೈಗೆ ಅಕ್ಕ ಮುಂದಿನ ಜೀಪು ಕೊಟ್ಟಾಳೆಯೆ? ಅದು ಹೋದರೆ ಅವನ ಹೆಸರೇ ಹೋದ ಹಾಗೆ.

ರೇಡಿಯೊ ಬೇಕೆಂದು ಹಟ ಹಿಡಿದವಳು ಅಕ್ಕ. ಒಂದು ದಿನ ಕನ್ನಡಿಯಲ್ಲಿ ಏನೂ ಕಾಣದಷ್ಟು ಧೂಳಿನಲ್ಲಿ ಬಾಮೈದನ ಜೀಪಿನ ಅಚ್ಚು ಮುರಿದು ಹೊಳೆಯ ನಡುವೆ ನಿಂತಿತ್ತು. ಉಳಿದವರು ಗುಡ್ಡ ಹತ್ತಿ ಮೂಟೆ ಇಳಿಸುವಾಗಷ್ಟೇ ಒಂದು ಜೀಪು ಇಲ್ಲವೆಂದು ಕಂಡಿತು. "ಗಾಡಿ ಗಾಡಿಗೂ ರೇಡಿಯೊ ಹಾಕ್ಸೋಣ. ಮುಂದೆ ಹೋಗೋನು ನೀನು, ನೀನೇ ಆರಿಸ್ಕೊಂಡು ಬಾ," ಅಂದಿದ್ದಳು ಅಕ್ಕ. ಅಂದಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಮುಖವಿಲ್ಲದ ಮಾತನ್ನು ಹಿಡಿಯುವುದು ಹೇಗೆ?

"ಕೈಯಲ್ಲಿ ಹಿಡಿಯೋ ಸೆಟ್ ಬೇಡ," ಅಂಗಡಿಯವನು ಬುದ್ಧಿ ಹೇಳಿದ. "ತಗಡಿನ ಒಳಗೆ ಕೂತು ಮಾತಾಡಿದ್ರೆ ಅಲ್ಲೇ ಸುತ್ತಾಡುತ್ತೆ. ಜೀಪಿಗೇ ಕೂರಿಸೋದು ತಗೊಳ್ಳಿ, ಮೇಲ್ಗಡೆ ಏರಿಯಲ್ ನಿಲ್ಸಿ. ತಿರುವಿನ ಆಚೆಗೂ ಹೋಗುತ್ತೆ."

"ಗಂಟಲು ಹೇಗಿದೆ ಇದರದ್ದು?"

"ಕೇಳಿ ನೋಡಿ."

ಬಾಮೈದನ ಕೈಗೆ ಒಂದು ಕೈಸೆಟ್ಟು ಕೊಟ್ಟು ಬೀದಿಯ ಕೊನೆಗೆ ಕಳಿಸಿದರು. ಮೇಜಿನ ಮೇಲಿನ ಸೆಟ್ಟು ಕರಕರ ಅಂದು, ಯಾರೋ ಬಾಯಿ ತುಂಬ ನೀರು ಹಾಕಿಕೊಂಡು ಮುಕ್ಕಳಿಸಿದ ಹಾಗೆ ಮಾಡಿತು. ಮುಂಗಾಡಿಯ ಹಣೆ ಬೆವರಿತು. ಏನು ಉತ್ತರ ಕೊಡುವುದೋ ತಿಳಿಯದೆ ಮೈಕು ಕಿತ್ತುಕೊಂಡು, ಬಟನ್ನು ಒತ್ತಿ, ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ. ಮುಕ್ಕಳಿಕೆ ನಿಂತೇ ಹೋಯಿತು.

"ಒತ್ತಿದ್ರೆ ನೀವು, ಬಿಟ್ರೆ ಅವ್ರು," ಅಂದ ಅಂಗಡಿಯವನು. ಆಮೇಲೆ ಬೆನ್ನು ತಿರುಗಿಸಿ ಕಪಾಟಿನಲ್ಲಿ ತಂತಿ ಹುಡುಕುತ್ತ, "ಒಬ್ರೇ ಒತ್ಕೊಂಡು ಕೂತ್ರೆ ಮಾತ್ರ ಉಳಿದ ಯಾರಿಗೂ ಮಾತಾಡೋಕಾಗಲ್ಲ, ದಾರಿಗೆ ಅಡ್ಡ ಗಾಡಿ ನಿಲ್ಸಿದಂಗೆ," ಅಂದ. ಬೆನ್ನಿಗೆ ತುಟಿ ಇರುವುದಿಲ್ಲ. ಮುಂಗಾಡಿಗೆ ಆ ಮಾತು ಮುಟ್ಟಲಿಲ್ಲ.

ಬಾಮೈದ ವಾಪಸು ಬಂದಾಗ ಎರಡು ಬಗೆಯ ಸೆಟ್ಟುಗಳು ಉಳಿದಿದ್ದವು. ಒಂದನ್ನು ಅಂಗಡಿಯವನು ತಾನಾಗಿ ಮುಂದೆ ತಳ್ಳಿದ. "ಇದು ಒಳ್ಳೇದು. ಒಂದು ನಿಮಿಷ ಬಿಡದೆ ಒತ್ಕೊಂಡಿದ್ರೆ ತಾನೇ ಕಟ್ ಮಾಡ್ಬಿಡುತ್ತೆ."

"ನನ್ನ ಮಾತು ಕತ್ತರಿಸೋಕೆ ಅದೇನು ನಮ್ಮತ್ತೆನಾ?"

"ನಮ್ಮಮ್ಮನ ಸುದ್ದಿ ಯಾಕೆ ಭಾವ, ಪಾಪ," ಅಂದ ಬಾಮೈದ.

ಮುಂಗಾಡಿ ಕತ್ತರಿಸದ ಸೆಟ್ಟನ್ನೇ ಆರಿಸಿದ. ಅಷ್ಟು ಹೊತ್ತು ಕುಂಬಳಕಾಯಿ ತಟ್ಟಿದವನು ಈಗ ಹೀಗೆ ತಟ್ಟನೆ ಒಪ್ಪಿದ್ದು ನೋಡಿ ಬಾಮೈದನಿಗೇ ಆಶ್ಚರ್ಯವಾಯಿತು.

ಮೊದಲ ಪಯಣದ ಬೆಳಿಗ್ಗೆ ಅವನು ಹಳೆಯ ಟ್ಯೂಬಿನಿಂದ ರಬ್ಬರಿನ ಬಳೆಯೊಂದನ್ನು ಕತ್ತರಿಸಿ ಮೈಕಿನ ಬಟನ್ನಿನ ಮೇಲೆ ಬಿಗಿಯಾಗಿ ಏರಿಸಿದ. ಬಟನ್ನು ಒತ್ತಿದಂತೆಯೇ ಕೂತಿತು. ಕೈ ಎರಡೂ ಸ್ಟೇರಿಂಗಿಗೆ, ಬಾಯಿ ಮೈಕಿಗೆ. ತನ್ನ ಪೆಟ್ಟಿಗೆಯ ಬಾಯಿ ಮಾತ್ರ ಕಟ್ಟುತ್ತದೆ, ಯಾರಿಗೂ ಉತ್ತರ ಕೊಡಬೇಕಿಲ್ಲ, ಉಳಿದವರು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ ಅನ್ನುವುದು ಅವನ ಲೆಕ್ಕ. ಹೊಳೆ ಇಳಿಯುವಾಗಲೇ ಶುರುವಾಯಿತು: ಇಲ್ಲಿ ಮರಳು, ಅಲ್ಲಿ ಗುಂಡಿ, ಈ ಬಂಡೆಗೆ ನಾನು ಒಂದು ಸಲ ಬಂಪರು ಕಳಕೊಂಡಿದ್ದೆ. ಪಕ್ಕದ ಸೀಟಿನಲ್ಲಿ ಬಟ್ಟೆಯ ಗಂಟು ಅಪ್ಪಿಕೊಂಡು ಕೂತಿದ್ದ ದರ್ಜಿ ಹೆಂಗಸು, "ನಿಮ್ಗೆ ಬಾಯಿ ನೋಯಲ್ವಾ?" ಅಂದಳು. ಅದೂ ಎಲ್ಲ ಜೀಪುಗಳಲ್ಲಿ ಕೇಳಿಸಿ, ಎಲ್ಲರೂ ನಕ್ಕರು. ಕೇಳಿಸದವನು ಅವನೊಬ್ಬನೇ.

ಮೊದಲೆಲ್ಲ ಪ್ರತಿ ತಿರುವಿನಲ್ಲೂ ಚಾಲಕರು ಕನ್ನಡಿಯಲ್ಲಿ ಹಿಂದಿನವನನ್ನು ಹುಡುಕುತ್ತಿದ್ದರು. ಈಗ ರೇಡಿಯೊ ಇದೆಯಲ್ಲ, ಕನ್ನಡಿ ಯಾರಿಗೆ ಬೇಕು? ಜಲ್ಲಿಯ ಏರಿನಲ್ಲಿ ಬಾಮೈದನ ಜೀಪಿನ ಅಡಿ ಅಂಚು ಕುಸಿದು ಹಿಂದಿನ ಚಕ್ರ ಗಾಳಿಯಲ್ಲಿ ತೂಗಾಡಿತು. ಅವನ ಕಾಲು ಬ್ರೇಕಿನ ಮೇಲೆ. ತೆಗೆದರೆ, ಯಾರಾದರೂ ಇಳಿಯಲು ಕದಲಿದರೂ, ಒಳಗಿದ್ದವರೆಲ್ಲ ಕಮರಿಗೆ. ಅವನು ಮೈಕು ಹಿಡಿದು ಕರೆದ, ಹಾರನ್ನು ಒತ್ತಿದ, ಮತ್ತೆ ಕರೆದ. ಯಾವ ಜೀಪಿಗೂ ಅವನ ದನಿ ಹೋಗಲಿಲ್ಲ. ಎಲ್ಲೆಲ್ಲೂ ಭಾವನ ಬಂಪರಿನ ಕಥೆಯೇ ತುಂಬಿಕೊಂಡಿತ್ತು.

ಮೇಲಿನ ಮಟ್ಟಸವಾದ ಇಕ್ಕಟ್ಟು ಜಾಗ ಮುಟ್ಟಿ ಮುಂಗಾಡಿ ಹಿಂತಿರುಗಿ ನೋಡಿದ. ಏರಿನಲ್ಲಿ ಎರಡೇ ಜೀಪಿನ ಧೂಳು, ಮೂರನೆಯದು ಇಲ್ಲ. ರಬ್ಬರಿನ ಬಳೆ ಕಿತ್ತ. ಪೆಟ್ಟಿಗೆ ಒಮ್ಮೆಲೇ ಮುಕ್ಕಳಿಸತೊಡಗಿತು. ದರ್ಜಿ ಹೆಂಗಸಿನ ಮುಖ ಬಿಳಿಚಿಕೊಂಡಿತು.

"ಸುಮ್ನೆ ಕೂತ್ರಲ್ಲ, ಕೇಳಿಸ್ಲಿಲ್ವಾ?"

ಇಲ್ಲ ಅಂದರೆ ಎಲ್ಲ ಮುಗಿಯಿತು. ಕೇಳಿಸಿತು ಅಂದರೆ ಇನ್ನೂ ಬೇಗ ಮುಗಿಯುತ್ತದೆ, ಆದರೆ ಮುಗಿಯುವುದು ತನ್ನ ಕೆಲಸವಲ್ಲ, ಹಿಂದೆ ಉಳಿದವನ ಜೀವ.

"ಇಲ್ಲಮ್ಮ. ನಂಗೆ ಕಿವಿ ಕೇಳ್ಸಲ್ಲ. ನನ್ನ ಕಡೆ ತಿರುಗಿ ಹೇಳಿ."

ಅವಳು ನೂಲು ಕಚ್ಚಿ ತುಂಡರಿಸುವವಳ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಕೊನೇ ಗಾಡಿ ಅಂಚಲ್ಲಿ ವಾಲಿದೆಯಂತೆ. ಬ್ರೇಕಿಂದ ಕಾಲು ತೆಗೆಯೋ ಹಾಗಿಲ್ವಂತೆ. ಆಗಿನಿಂದ ಕರೀತಾ ಇದ್ದಾನಂತೆ."

ಜೀಪು ತಿರುಗಿಸಲಾಗದ ಜಾಗದಲ್ಲಿ ಅವನು ಜೀಪು ತಿರುಗಿಸಿದ. ಎದುರಾದ ಎರಡು ಜೀಪುಗಳನ್ನು ಕೈಬೀಸಿ ಬಂಡೆಗೆ ಒತ್ತರಿಸಿ, ಇಳಿದು ಹೋಗಿ, ಹಗ್ಗ ಬಿಗಿದು, ಇಂಚು ಇಂಚಾಗಿ ಹಿಂದೆ ಸರಿದು ಎಳೆದ. ನಾಲ್ಕು ಚಕ್ರವೂ ನೆಲ ಮುಟ್ಟಿದ ಮೇಲೆ ಬಾಮೈದ ಕೆಳಗಿಳಿದ. ಒಳಗಿದ್ದವರನ್ನು ಒಬ್ಬೊಬ್ಬರಾಗಿ ಕೈಹಿಡಿದು ಇಳಿಸಿದ. ಆಮೇಲೆ ಭಾವನ ಜೀಪಿಗೆ ಬಂದವನಿಗೆ ಸೀಟಿನ ಮೇಲೆ ಬಿದ್ದಿದ್ದ ರಬ್ಬರಿನ ಬಳೆ ಕಂಡಿತು.

"ಇದೇನು ಭಾವ?"

ಮುಂಗಾಡಿ ತನ್ನ ಕಿವಿ ಮುಟ್ಟಿ ತೋರಿಸಿ, ಕೈ ಅಲ್ಲಾಡಿಸಿದ.

"ನಮ್ಮಕ್ಕನಿಗೆ ಗೊತ್ತಾ?"

"ನಿನ್ನಕ್ಕನಿಗೆ ಗೊತ್ತು. ನಮ್ಮಕ್ಕನಿಗೆ ಗೊತ್ತಿಲ್ಲ."

"ನನ್ಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಸಾಯ್ತಿದ್ದೆ ಭಾವ. ನೀವು ಬಂಪರ್ ಕಥೆ ಹೇಳ್ತಿದ್ರಿ."

ಮುಂಗಾಡಿ ಹಗ್ಗ ಬಿಚ್ಚಿ ಸುತ್ತತೊಡಗಿದ.

ಷೆಡ್ಡಿಗೆ ಬಂದು ಅಕ್ಕನ ಮುಂದೆ ತಾನೇ ಎಲ್ಲವನ್ನೂ ಹೇಳಿದ. ಅವಳು ಕೂಗಾಡಲಿಲ್ಲ. "ಕೀ ಇಲ್ಲಿಡು," ಅಂದಳು ಅಷ್ಟೆ. ಅವನು ಇಟ್ಟ. ಆಮೇಲೆ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದ, ಸ್ಪ್ಯಾನರು ಎತ್ತಿದ, ಇಟ್ಟ, ಬಿಗಿಯಾಗಿಯೇ ಇದ್ದ ನಟ್ಟುಗಳನ್ನು ಮತ್ತೆ ಬಿಗಿದ.

ಒಳಗೆ ಅಕ್ಕನೆದುರು ಭಾವನ ಪರವಾಗಿ ಮಾತಿಗೆ ನಿಂತವನು ಬಾಮೈದ. ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ.

"ಮುಂದೆ ಹೋಗೋನಿಗೆ ಹಿಂದೆ ಆಗೋದು ಕಾಣಲ್ಲ, ಅವನಿಗೆ ಕಿವಿ ಬೇಕು. ಕೊನೇಲಿ ಬರೋನಿಗೆ ಎಲ್ಲಾರೂ ಕಣ್ಮುಂದೇನೇ ಇರ್ತಾರೆ. ಅವನಿಗೆ ಬಾಯಿದ್ರೆ ಸಾಕು. ಭಾವನ ಬಾಯಿ ಹೇಗಿದೆ ಅಂತ ಇವತ್ತು ಎಲ್ಲಾ ಕೇಳಿದ್ವಲ್ಲ."

"ಕೊನೇ ಗಾಡಿಗೇ ಏನಾದ್ರೂ ಆದ್ರೆ?"

"ಕೂಗ್ತಾರೆ. ನಂಗೆ ಕೇಳುತ್ತೆ."

ಅಕ್ಕ ಎದ್ದು ಅಂಗಳಕ್ಕೆ ಬಂದಳು. ಯಾವತ್ತೂ ಇಲ್ಲದ್ದು, ತಮ್ಮನ ತೋಳು ಮುಟ್ಟಿ, ಅವನು ತಿರುಗುವ ತನಕ ಕಾದು ಹೇಳಿದಳು. "ನೀನು ಕೊನೇ ಜೀಪು, ಮುಂದೆ ನಿನ್ನ ಬಾಮೈದ. ಆ ಸೆಟ್ಗಳನ್ನ ಬದಲಾಯಿಸ್ಕೊಂಡು ಬಾ. ಒಪ್ಪಿಗೆ ಇಲ್ಲಾಂದ್ರೆ ಮನೇಲಿರು."

ಅವನು ಅಂಗಡಿಗೆ ಹೋಗಿ, "ನನ್ನ ಮುಖ ನೋಡ್ಕೊಂಡು ಮಾತಾಡಿ," ಎಂದು ಮೊದಲೇ ಹೇಳಿ, ತಾನೇ ಕತ್ತರಿಸುವ ಸೆಟ್ಟುಗಳನ್ನು ತಂದ.

ಜನ್ಮದಲ್ಲಿ ಇನ್ನೊಬ್ಬರ ಧೂಳು ತಿಂದವನಲ್ಲ. ಕೊನೆಯ ಜೀಪಿನಲ್ಲಿ ಹಲ್ಲಿನ ಸಂದಿಗೂ ಧೂಳು. ಮುಂದಿನವರು ಆಮೆಯ ಹಾಗೆ ಹೋಗುತ್ತಿದ್ದರು, ಅವನ ಕಾಲು ಆಕ್ಸಿಲರೇಟರಿನ ಮೇಲೆ ಕುಣಿಯುತ್ತಿತ್ತು. ಜಲ್ಲಿಯ ಏರಿನ ತಿರುವಿನಲ್ಲಿ ಧೂಳು ಸರಿದು, ಮೇಲಿನ ಸುತ್ತಿನಲ್ಲಿ, ತಲೆಯ ಮೇಲೆಯೇ ಅನ್ನುವಂತೆ, ಎಲ್ಲರಿಗೂ ಮುಂದಿದ್ದ ಬಾಮೈದನ ಜೀಪು ಕಂಡಿತು. ಅದರ ಬಲಕ್ಕೆ, ಅಂಚಿನ ಅಡಿಯಲ್ಲಿ, ಮಣ್ಣು ಪೊಳ್ಳಾಗಿದ್ದದ್ದು ಕೆಳಗಿನವನಿಗೆ ಮಾತ್ರ ಕಾಣುವಂತಿತ್ತು. ಬಾಮೈದ ಬಲಕ್ಕೇ ವಾಲುತ್ತಿದ್ದ.

ಮುಂಗಾಡಿ ಬಟನ್ನು ಒತ್ತಿದ. "ಎಡಕ್ಕೆ ಹೋಗು. ಬಲಗಡೆ ಅಡಿ ಪೊಳ್ಳು." ಬೆರಳು ತೆಗೆದ.

ಪೆಟ್ಟಿಗೆ ಏನೋ ಮುಕ್ಕಳಿಸಿತು. ಹೂಂ ಅಂದನೋ, ಬೈದನೋ, ಕೇಳಿಸಿತೋ ಇಲ್ಲವೋ. ಬೆರಳು ಮತ್ತೆ ಬಟನ್ನಿಗೆ ಹೋಯಿತು. ಒತ್ತದೆ ತಡೆದ. ಕಣ್ಣು ಮೇಲಿನ ಜೀಪಿನ ಮುಂದಿನ ಚಕ್ರದ ಮೇಲೆ. ಚಕ್ರ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಎಡಕ್ಕೆ ಹೊರಳಿತು.

"ಅಷ್ಟು ತಿಳಿಯೋಕೆ ಇಷ್ಟು ಹೊತ್ತಾ," ಎಂದು ಗೊಣಗಿ, ಬಾಯಿಯ ಧೂಳು ಹೊರಗೆ ಉಗುಳಿ, ಮುಂದಿನವನು ಯಾವಾಗ ಕದಲುತ್ತಾನೋ ಎಂದು ಅವನು ಸ್ಟೇರಿಂಗಿನ ಮೇಲೆ ಬೆರಳು ಬಡಿಯತೊಡಗಿದ.