ಹದಿನೇಳು ಎಲೆಗಳ ಆನೆಹಿಂಡು

ನಮ್ಮ ಹರವೆಯ ಹಾಲಿನ ಡೈರಿಗೆ ಬೆಳಗ್ಗೆ ಆರೂವರೆಗೆ ಹೋದರೆ ಮಂಗಳಗೌರಿಯನ್ನು ಕಾಣಬಹುದು. ಬಲಗೈಯಲ್ಲಿ ಅಳತೆಯ ಲೋಟ, ಎಡಗೈಯಲ್ಲಿ ಮಾದರಿ ಹಾಲಿನ ಸಣ್ಣ ಸೀಸೆ. ಯಾರ ಹಾಲಿಗೆ ನೀರು ಬೆರೆತಿದೆಯೆಂಬುದು ಯಂತ್ರ ಹೇಳುವ ಮೊದಲೇ ಅವಳಿಗೆ ಗೊತ್ತಾಗುತ್ತದೆ. ಆದರೆ ಯಾರನ್ನೂ ನಾಲ್ಕು ಜನರೆದುರು ಹಿಡಿದು ನಿಲ್ಲಿಸಿದವಳಲ್ಲ.

"ನಿಮ್ಮ್ ಅಸ ಇವತ್ತು ವಸಿ ನೀರ್ ಜಾಸ್ತಿ ಕುಡ್ದದೆ ಕಣ ಮಾವ" ಎನ್ನುತ್ತಾಳೆ.

"ಸೆಕೆ ಕಣವ್ವ" ಎನ್ನುತ್ತಾನೆ ಬೋರಯ್ಯ, ಮುಖ ಆ ಕಡೆ ತಿರುಗಿಸಿ. ಮರುದಿನ ಅವನ ಹಾಲು ಗಟ್ಟಿಯಾಗಿರುತ್ತದೆ.

ಪ್ರೌಢಶಾಲೆಯಲ್ಲಿ ಅವಳಿಗೆ ಮೂರು ವರ್ಷ ಕನ್ನಡ ಕಲಿಸಿದವನು ನಾನು. ಈಗ ಅವಳಿಗೆ ಮೂವತ್ತನಾಲ್ಕು. ಚಾಮರಾಜನಗರದಲ್ಲಿ ಬಿ.ಕಾಂ. ಮುಗಿಸಿ, ಡೈರಿಯ ತರಬೇತಿಗೆಂದು ಮೈಸೂರಿಗೆ ಹೋಗಿದ್ದಾಗ ಕಾವ್ಯಶ್ರೀ ಎಂಬ ಗೆಳತಿಯಿಂದ ಒಂದು ಆಟ ಕಲಿತು ಬಂದಳು. ಅದು ಇಸ್ಪೀಟಲ್ಲ. ಮುಚ್ಚಿದ ಪೊಟ್ಟಣಗಳಲ್ಲಿ ಚಿತ್ರದ ಎಲೆಗಳು ಬರುತ್ತವೆ. ಒಳಗೆ ಯಾವುದಿದೆಯೆಂದು ಒಡೆಯುವ ತನಕ ತಿಳಿಯದು. ಬೇಕಾದದ್ದು ಸಿಗದಿದ್ದರೆ ಇನ್ನೊಬ್ಬರೊಡನೆ ಬದಲಾಯಿಸಿಕೊಳ್ಳಬೇಕು. ಹೀಗೆ ಕೂಡಿಸಿದವುಗಳಲ್ಲಿ ಅರವತ್ತನ್ನು ಆರಿಸಿ ಒಂದು ಕಟ್ಟು ಮಾಡಿ, ಎದುರಾಳಿಯ ಕಟ್ಟಿಗೆ ಎದುರಾಗಿ ಆಡುತ್ತಾರೆ. ಒಬ್ಬರ ಕಟ್ಟು ಬೆಂಕಿಯದು, ಇನ್ನೊಬ್ಬರದು ಸಮುದ್ರದ್ದು. ಗುಂಡ್ಲುಪೇಟೆಯಲ್ಲಿ ಸೋಮೇಶ್ ಎಂಬಾತನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಏಳೆಂಟು ಮಂದಿ ಸೇರುತ್ತಾರೆ. ಸುಲ್ತಾನ್ ಬತ್ತೇರಿಯಿಂದಲೂ ಒಬ್ಬ ಬಸ್ಸು ಹತ್ತಿ ಬರುತ್ತಾನೆ.

ಮಂಗಳಗೌರಿಯ ಕಟ್ಟು ಆನೆಹಿಂಡಿನದು. ಗೋಪಾಲಸ್ವಾಮಿ ಬೆಟ್ಟದಿಂದ ಇಳಿಯುವಾಗ ಒಮ್ಮೆ ಬಸ್ಸು ನಿಲ್ಲಿಸಿ ಹಿಂಡನ್ನು ದಾಟಬಿಟ್ಟರಂತೆ. ಮುದಿ ಹೆಣ್ಣಾನೆಯೊಂದು ರಸ್ತೆಯ ನಡುವೆ ನಿಂತು, ಕೊನೆಯ ಮರಿ ದಾಟುವ ತನಕ ಬಸ್ಸನ್ನೇ ನೋಡುತ್ತಿತ್ತಂತೆ. ಎಲೆಗಳ ಮೇಲಿನ ಹೆಸರುಗಳೆಲ್ಲ ಇಂಗ್ಲಿಷಿನವು. ಅವಳು ಒಂದೊಂದಕ್ಕೂ ಕನ್ನಡದ ಹೆಸರಿಟ್ಟು, ಸಣ್ಣ ಚೀಟಿಯಲ್ಲಿ ಬರೆದು, ಎಲೆಯ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದ್ದಳು. ಅಡವಿಹಾದಿ, ಒಂಟಿಸಲಗ, ಮರಿಯಾನೆ, ಹುಲ್ಲುಗಾವಲು. ಆ ಮುದಿ ಹೆಣ್ಣಾನೆಯ ಹೆಸರು ಹಿರಿಯಮ್ಮ.

ಸಂಜೆ ಡೈರಿಯ ಬಾಗಿಲು ಹಾಕಿದ ಮೇಲೆ ನಮ್ಮ ಜಗಲಿಗೆ ಬಂದು ಎಲೆಗಳನ್ನು ಹರಡಿಕೊಂಡು ಕೂರುತ್ತಿದ್ದಳು. ಮೊದಮೊದಲು ಬರಿಯ ಆನೆಗಳನ್ನೇ ತುಂಬಿಕೊಂಡು ಹೋಗಿ ಸೋತುಬಂದಳು.

"ಕೈ ತುಂಬ ಆನೆ ಸಾರ್, ಮೇಯಕ್ಕೆ ಉಲ್ಲಿಲ್ಲ" ಎಂದಳು. ಹುಲ್ಲುಗಾವಲಿನ ಎಲೆಗಳು ಮೊದಲು ಇಳಿಯದಿದ್ದರೆ ಆನೆಯನ್ನು ಆಟಕ್ಕೆ ಇಳಿಸುವಂತಿಲ್ಲವಂತೆ.

ಅಂದಿನಿಂದ ಹುಲ್ಲುಗಾವಲನ್ನು ಒಂದೊಂದಾಗಿ ಹೆಚ್ಚಿಸಿದಳು. ಹದಿನೆಂಟಿದ್ದರೆ ಕಡಿಮೆ, ಇಪ್ಪತ್ತೆರಡಾದರೆ ಹೆಚ್ಚು, ಇಪ್ಪತ್ತಕ್ಕೆ ನಿಂತಳು. ಕಟ್ಟಿನಲ್ಲಿ ಒಂದು ಹುಲಿಯೂ ಇತ್ತು. ಅವಳು ಗೆದ್ದ ಆಟಗಳಲ್ಲೆಲ್ಲ ಆ ಹುಲಿಯದೇ ಕೈ. ಅದನ್ನೇ ಬತ್ತೇರಿಯವನಿಗೆ ಕೊಟ್ಟು ನಾಲ್ಕನೆಯ ಹಿರಿಯಮ್ಮನನ್ನು ಪಡೆದಳು.

"ಗೆಲ್ಲಿಸುವುದನ್ನು ಕೊಟ್ಟೆಯಲ್ಲ ತಾಯಿ" ಎಂದೆ.

"ಇಂಡಿನೊಳಗೆ ಉಲಿ ಏನ್ ಮಾಡ್ತದೆ ಸಾರ್? ಇರಿಯಮ್ಮ ಒಂದೇ ಇದ್ರೆ ಅರವತ್ತರಲ್ಲಿ ಅದು ಯಾವಾಗ ಕೈಗೆ ಬಂದದು? ನಾಲ್ಕಿದ್ರೆ ಒತ್ತಿಗೆ ಸರಿಯಾಗಿ ಒಂದಾದ್ರೂ ಬತ್ತದೆ. ಅದಕ್ಕೇ ಮುಖ್ಯವಾದವನ್ನೆಲ್ಲ ನಾಕ್ ನಾಕು ಮಡಗೋದು."

ನಾನು ತಲೆಯಾಡಿಸಿದೆ. ಪಾಠ ಮಾಡಿದ ಮೂವತ್ತೊಂದು ವರ್ಷವೂ ಹಿಂದಿನ ಬೆಂಚಿನ ಮಕ್ಕಳು ನನ್ನೆದುರು ಆಡಿಸಿದ ತಲೆ ಎಂಥದೆಂದು ನನಗೆ ಗೊತ್ತಿರಬೇಕಾಗಿತ್ತು.

ಹೋದ ವರ್ಷ ಶಿವರಾತ್ರಿಗೆ ಮುನ್ನ ಅವರ ಮನೆಗೆ ಸುಣ್ಣ ಹೊಡೆಯಲು ಆರಂಭಿಸಿದರು. ಅವಳ ಅಜ್ಜಿ ದೊಡ್ಡಮಲ್ಲಮ್ಮ ಮೂಲೆಮೂಲೆಯನ್ನೂ ಕೆದಕುತ್ತಿದ್ದಳು. "ಇಸ್ಪೀಟ್ ಎಲೆ ಕಣ್ಣಿಗ್ ಬಿದ್ರೆ ಒಲೆಗೆ ಆಕ್ಬುಡ್ತೀನಿ ಕಣಮ್ಮಿ, ಲಿಂಗ ಕಟ್ಟಿರೋ ಮನೆ ಇದು" ಎಂದಿದ್ದಳಂತೆ. ಮಂಗಳಗೌರಿ ಡಬ್ಬಿಯನ್ನು ತಂದು ನನ್ನ ಕೈಗಿತ್ತಳು.

"ಅತ್ತು ದಿನ ಮಡಗಿರಿ ಸಾರ್. ಗುಂಡ್ಲುಪೇಟೆಲಿ ದೊಡ್ಡ ಆಟ ಅದೆ, ಮೈಸೂರಿಂದ್ಲೂ ಬತ್ತಾರೆ. ಮೂರು ವರ್ಷಕ್ಕೆ ಈಗ ಕಟ್ಟು ಸರಿಯಾಗಿ ಬಂದದೆ."

ನಾನು ಶಾಲೆಯ ಪುಸ್ತಕಭಂಡಾರವನ್ನೂ ನೋಡಿಕೊಂಡವನು. ಒಂದೇ ಪುಸ್ತಕದ ನಾಲ್ಕು ಪ್ರತಿ ಬಂದರೆ ಒಂದನ್ನು ಕಪಾಟಿನಲ್ಲಿಟ್ಟು, ಮೂರನ್ನು ಬೇರೆ ಶಾಲೆಗೆ ಕಳುಹಿಸುವುದು ನನ್ನ ಕ್ರಮವಾಗಿತ್ತು. ಒಂದು ಮಧ್ಯಾಹ್ನ ಡಬ್ಬಿಯನ್ನು ತೆರೆದು ನೋಡಿದರೆ ಎಲ್ಲವೂ ಹಿಂದುಮುಂದಾಗಿದ್ದವು. ಜೋಡಿಸಿಕೊಡೋಣವೆಂದು ಕುಳಿತೆ. ಅಕಾರಾದಿಯಾಗಿ ಇಡುತ್ತ ಹೋದಂತೆ ಒಂದೇ ಎಲೆ ಮತ್ತೆ ಮತ್ತೆ ಬರತೊಡಗಿತು. ಹುಲ್ಲುಗಾವಲಂತೂ ಇಪ್ಪತ್ತು. ಪಾಪ, ಪೊಟ್ಟಣದಲ್ಲಿ ಬಂದದ್ದೇ ಬಂದಿರಬೇಕು, ಎಸೆಯಲು ಮನಸ್ಸಾಗಿಲ್ಲ ಎಂದುಕೊಂಡೆ. ಅವಳು ಹೇಳಿದ ಮಾತು ಒಂದೂ ನೆನಪಾಗಲಿಲ್ಲ.

ಅಂಗನವಾಡಿಯ ಗುರುಮಲ್ಲಮ್ಮ ಮಕ್ಕಳಿಗೆ ಎಣಿಕೆ ಕಲಿಸಲು ಚಿತ್ರಗಳು ಬೇಕೆಂದು ಹಿಂದಿನ ವಾರವಷ್ಟೇ ಕೇಳಿದ್ದರು. ಒಂದೊಂದು ಬಗೆಗೆ ಒಂದನ್ನು ಉಳಿಸಿ, ಮಿಕ್ಕ ನಲವತ್ತಮೂರನ್ನು ಅವರಿಗೆ ಕೊಟ್ಟುಬಂದೆ. ಡಬ್ಬಿಯಲ್ಲಿ ಹದಿನೇಳು ಉಳಿದವು. ಅವು ಅಲುಗಾಡದಿರಲೆಂದು ಹಳೆಯ ಪತ್ರಿಕೆಯನ್ನು ಮಡಿಸಿ ತುಂಬಿದೆ. ಆಟ ಮುಗಿದ ಮೇಲೆ ಹೇಳಿದರೆ ಸಂತೋಷಪಟ್ಟಾಳೆಂದು ಸುಮ್ಮನಿದ್ದೆ.

ಆ ಭಾನುವಾರ "ನೀವೂ ಬನ್ನಿ ಸಾರ್" ಎಂದು ನನ್ನನ್ನೂ ಕರೆದುಕೊಂಡು ಹೋದಳು. ಡಬ್ಬಿ ಅವಳ ಮಡಿಲಲ್ಲಿತ್ತು. ಬಸ್ಸಿನಲ್ಲಿ ತೆರೆದರೆ ಧೂಳು ಎಂದು ತೆರೆಯಲಿಲ್ಲ.

ಆಟಕ್ಕೆ ಮುನ್ನ ಎಲ್ಲರ ಕಟ್ಟನ್ನೂ ಎಣಿಸುವ ಪದ್ಧತಿ. ಎಣಿಸುವವನು ಸೋಮೇಶ್. ಮಂಗಳಗೌರಿ ಡಬ್ಬಿಯ ಮುಚ್ಚಳ ತೆಗೆದಳು. ಪತ್ರಿಕೆಯ ಹಾಳೆ ಮೇಲೆದ್ದು ಬಂತು. ಸೋಮೇಶ್ ಎಲೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ.

"ಹದಿನೇಳು" ಎಂದ. "ಏನ್ ಮೇಡಂ, ಆನೆಗಳೆಲ್ಲ ಬಂಡೀಪುರಕ್ಕೆ ವಾಪಸ್ ಹೋದ್ವಾ?"

ಕೋಣೆಯಲ್ಲಿ ಎಲ್ಲರೂ ನಕ್ಕರು. ಅವಳು ಎಲೆಗಳನ್ನು ನೋಡಿದಳು, ಮಡಿಸಿದ ಪತ್ರಿಕೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳು ಹೇಳಿದ್ದೆಲ್ಲ ಆಗ ನನಗೆ ಒಟ್ಟಿಗೆ ನೆನಪಿಗೆ ಬಂತು.

"ನಾನೇ ಮರ್ತ್ ಬಂದ್ಬುಟ್ಟೆ" ಎಂದಳು ಸೋಮೇಶನಿಗೆ. "ಮಿಕ್ಕವು ಮನೇಲೇ ಅವೆ."

ತರಗತಿಯಲ್ಲಿ ಕಿಟಕಿಯ ಗಾಜು ಒಡೆದರೆ "ಯಾರು ಮಾಡಿದ್ದು, ಎದ್ದು ನಿಲ್ಲಿ" ಎಂದು ಅರ್ಧ ಗಂಟೆ ಕಾಯುತ್ತಿದ್ದವನು ನಾನು. ಎದ್ದು ನಿಂತವನನ್ನು ಹೊಗಳಿ ಕೂರಿಸಿದ್ದೇನೆ, ನಿಲ್ಲದವನನ್ನು ಹೇಡಿ ಎಂದಿದ್ದೇನೆ. ಅಂದು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದೆ. ಯಾರೋ ನನಗೆ ಟೀ ತಂದುಕೊಟ್ಟರು. ಕುಡಿದೆ. ಅವಳು ಸಂಜೆಯ ತನಕ ಬೇರೆಯವರ ಆಟ ನೋಡುತ್ತ ನಿಂತಿದ್ದಳು.

ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟಿತು. ಆಮೇಲೆ ಅವಳೇ ಕೇಳಿದಳು.

"ಮಿಕ್ಕವು ಎಲ್ಲಿ ಅವೆ ಸಾರ್?"

ಹೇಳಿದೆ. "ಓ" ಎಂದಳು, ಅಷ್ಟೇ.

ಮರುದಿನ ಅಂಗನವಾಡಿಗೆ ಇಬ್ಬರೂ ಹೋದೆವು. ಇಂಗ್ಲಿಷ್ ಅಕ್ಷರವಿದ್ದ ಕೆಳಭಾಗವನ್ನೆಲ್ಲ ಕತ್ತರಿಸಿ, ಮೈದಾ ಅಂಟು ಬಳಿದು, ಗೋಡೆಯ ಉದ್ದಕ್ಕೂ ಹಚ್ಚಿಬಿಟ್ಟಿದ್ದರು. ಕೆಳಗೆ ಹತ್ತೊಂಬತ್ತು ಹುಲ್ಲುಗಾವಲು, ಮೇಲೆ ಮರಿಗಳು, ಎಲ್ಲಕ್ಕೂ ಮುಂದೆ ಮೂವರು ಹಿರಿಯಮ್ಮಂದಿರು.

"ಮೇಷ್ಟ್ರು ಕೊಟ್ಟಿದ್ದು. ಮಕ್ಕಳು ಈಗ ಹತ್ತೊಂಬತ್ತರವರೆಗೆ ತಪ್ಪಿಲ್ಲದೆ ಎಣಿಸ್ತಾವೆ" ಎಂದರು ಗುರುಮಲ್ಲಮ್ಮ, ಹೆಮ್ಮೆಯಿಂದ.

ಮಂಗಳಗೌರಿ ಒಂದು ಹಿರಿಯಮ್ಮನ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದಳು. ಬಣ್ಣ ಹರಿಯತೊಡಗಿದಾಗ ಬಿಟ್ಟು, ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು. "ಚೆನ್ನಾಗದೆ ಮಿಸ್" ಎಂದಳು. ಹಾಲು ಅಳೆಯುವ ಹೊತ್ತಾಯಿತೆಂದು ಹೊರಟುಹೋದಳು. ಆಗ ಮಧ್ಯಾಹ್ನ ಹನ್ನೆರಡು ಗಂಟೆ.

ಮುಂದಿನ ತಿಂಗಳ ಭಾನುವಾರ ಅವಳಿಗೆ ಹೇಳದೆ ನಾನೊಬ್ಬನೇ ಮುಂಚಿನ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ಕೋಣೆಯಲ್ಲಿ ಐದಾರು ಮಂದಿಯಿದ್ದರು. ಎದ್ದು ನಿಂತು, "ಆ ದಿನ ಮಂಗಳಗೌರಿ ಏನನ್ನೂ ಮರೆತಿರಲಿಲ್ಲ. ಕಟ್ಟನ್ನು ಹಾಳುಮಾಡಿದವನು ನಾನು. ಅಂದೇ ಹೇಳಬೇಕಾಗಿತ್ತು, ಹೇಳಲಿಲ್ಲ" ಎಂದೆ.

ಸೋಮೇಶ್ ನನ್ನ ಕೈಹಿಡಿದು ಕೂರಿಸಿದ.

"ಅವತ್ತೇ ಗೊತ್ತಿತ್ತು ಬುಡಿ ಸಾರ್. ಅ ಆ ಇ ಈ ಪ್ರಕಾರ ಜೋಡಿಸಿ, ಪೇಪರ್ ಮಡಚಿ ತುಂಬ್ಸಿ, ಆಮೇಲೆ ಮರ್ತ್ ಬರೋರು ಯಾರವ್ರೆ? ನೀವು ಟೀ ಕುಡೀತಾ ಕೂತಿದ್ರಿ. ದೊಡ್ಡೋರು, ಏನನ್ನೋದು ಅಂತ ಸುಮ್ಕಾದ್ವಿ."

ನಾನೊಬ್ಬನೇ ಬಲ್ಲೆನೆಂದುಕೊಂಡಿದ್ದ ಹೇಡಿತನವನ್ನು ಆ ಕೋಣೆಯಲ್ಲಿದ್ದವರೆಲ್ಲ ಅಂದೇ ಕಂಡಿದ್ದರು.

ಮಂಗಳಗೌರಿ ಹಿಂಡನ್ನು ಮತ್ತೆ ಕಟ್ಟುತ್ತಿದ್ದಾಳೆ. ಈಗ ಮೂವತ್ತೆಂಟು ಎಲೆಗಳಾಗಿವೆ. ಎರಡನೆಯ ಹಿರಿಯಮ್ಮ ಇನ್ನೂ ಸಿಕ್ಕಿಲ್ಲ. ಹುಲಿ ಈಗಲೂ ಬತ್ತೇರಿಯವನ ಕಟ್ಟಿನಲ್ಲಿ ಗೆಲ್ಲುತ್ತಿದೆಯಂತೆ. ಸಂಜೆ ನಮ್ಮ ಜಗಲಿಗೆ ಬರುತ್ತಾಳೆ, ಎಲೆಗಳನ್ನು ಹರಡುತ್ತಾಳೆ, ಹೊಸದನ್ನು ಏಕೆ ಸೇರಿಸಿದಳೆಂದು ಹೇಳುತ್ತಾಳೆ. ಅರ್ಥವಾಗದಿದ್ದರೆ ಈಗ ಮತ್ತೆ ಕೇಳುತ್ತೇನೆ. ಹೋಗುವಾಗ ಎಣಿಸಿ ಡಬ್ಬಿಗೆ ಹಾಕಿಕೊಂಡು ಡೈರಿಗೆ ಒಯ್ಯುತ್ತಾಳೆ. ಅಲ್ಲಿ ಮಾದರಿ ಸೀಸೆಗಳ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ. ಅದರ ಬೀಗದ ಕೈ ಅವಳ ಕೊರಳಲ್ಲಿ, ಶಿವದಾರದ ಪಕ್ಕದಲ್ಲಿರುತ್ತದೆ.